ಎರಡು ಭಾಷೆಗಳ ಬೆಸುಗೆ

ಮೂವತ್ತು ವರ್ಷಗಳಿಗೂ ಮಿಗಿಲಾದ ನನ್ನ ಉಪಾಧ್ಯಾಯ ವೃತ್ತಿಯಲ್ಲಿ ಕರಿಹಲಗೆಯ ಮೇಲೆ ಅತಿ ಹೆಚ್ಚು ಸಲ ಬರೆದ ಪದಗಳಲ್ಲಿ 'ಮಳೆಗಾಲ'ವೂ ಒಂದು. ಮಳೆ ಎಂಬುದು ಅಚ್ಚಗನ್ನಡದ ಮಾತು. ಕಾಲ ಎಂಬುದು ಸಂಸ್ಕೃತದಿಂದ ಬಂದುದು. ಇವೆರಡೂ ಒಂದಾದಾಗ 'ಮಳೆಕಾಲ' ಎಂದಾಗದೆ 'ಮಳೆಗಾಲ' ಎಂದಾಗುತ್ತದೆ. ಕಕಾರವು ಗಕಾರವಾದ ಈ ಬದಲಾವಣೆಯನ್ನು ಆದೇಶಸಂಧಿ ಎಂದು ನೀವೆಲ್ಲರೂ ಓದಿದ್ದೀರಿ. ಎರಡು ಭಾಷೆಗಳ ಪದಗಳು ಕೂಡುವಾಗ ಕೂಡುವ ಎಡೆಯಲ್ಲಿ ಒಂದು ನಿಯಮವಿರಬೇಕು. ನಿಯಮವಿದ್ದರೆ ಅದು ಸಂಧಿ. ಇಲ್ಲದಿದ್ದರೆ ಅದು ಬರಿಯ ಬಿರುಕು.

ವ್ಯಾಕರಣದ ಈ ಮಾತು ಗಣಕಯಂತ್ರದ ಒಡಲಿಗೂ ಅನ್ವಯಿಸುತ್ತದೆ ಎಂಬುದು ನನಗೆ ತಿಳಿದುದು ನಿವೃತ್ತನಾದ ಮೇಲೆ. ಅಲ್ಲಿಯೂ ಎರಡು ಭಾಷೆಗಳು ಕೂಡುತ್ತವೆ. ಒಂದು ಮನುಷ್ಯನಿಗೆ ಹತ್ತಿರವಾದ 'ಸಿ' ಎಂಬ ಭಾಷೆ. ಇನ್ನೊಂದು ಯಂತ್ರಕ್ಕೆ ಹತ್ತಿರವಾದ 'ಅಸೆಂಬ್ಲಿ' ಎಂಬ ಭಾಷೆ. ಇವೆರಡನ್ನೂ ಒಂದೇ ಕ್ರಮವಿಧಿಯಲ್ಲಿ, ಎಂದರೆ ಒಂದೇ ಪ್ರೋಗ್ರಾಂನಲ್ಲಿ, ಬೆಸೆಯಬೇಕೆ? ಬೆಸೆಯುವುದಾದರೆ ಎಷ್ಟು, ಎಲ್ಲಿ, ಹೇಗೆ? ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ತಳದ ಭಾಷೆಯನ್ನು ಎಲ್ಲರೂ ಓದಲು ಕಲಿಯಬೇಕು. ಅದರಲ್ಲಿ ಬರೆಯುವುದನ್ನು ಮಾತ್ರ ಅನಿವಾರ್ಯವಾದಾಗಷ್ಟೇ ಮಾಡಬೇಕು. ಬರೆದಾಗ ಬೆಸುಗೆಯ ನಿಯಮವನ್ನು ಒಂದು ಕೂದಲೆಳೆಯಷ್ಟೂ ಮೀರಬಾರದು. ಈ ಮೂರು ಮಾತುಗಳನ್ನು ಸಮರ್ಥಿಸುವುದೇ ಈ ಲೇಖನದ ಉದ್ದೇಶ.

ಮೊದಲು ಈ ಎರಡು ಭಾಷೆಗಳ ಸ್ವರೂಪವನ್ನು ತಿಳಿಯೋಣ. ಗಣಕಯಂತ್ರಕ್ಕೆ ಅರ್ಥವಾಗುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಗಳ ಸಾಲು. ಅಂತಹ ಒಂದೊಂದು ಸಾಲಿಗೂ 'ಕೂಡಿಸು', 'ಸರಿಸು', 'ನೆಗೆ' ಎಂಬಂತಹ ಒಂದು ಕಿರುಹೆಸರನ್ನು ಕೊಟ್ಟರೆ ಅದೇ ಅಸೆಂಬ್ಲಿ ಭಾಷೆ. ಯಂತ್ರದ ಒಂದು ಹೆಜ್ಜೆಗೆ ಇಲ್ಲಿ ಒಂದು ಸಾಲು. ಆದುದರಿಂದ ಈ ಭಾಷೆ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುತ್ತದೆ; ಒಂದು ಬಗೆಯ ಯಂತ್ರಕ್ಕಾಗಿ ಬರೆದುದನ್ನು ಇನ್ನೊಂದು ಬಗೆಯ ಯಂತ್ರವು ಅರಿಯದು. ಸಿ ಭಾಷೆಯಾದರೋ ಬೀಜಗಣಿತವನ್ನು ಹೋಲುವಂತಹುದು. 'ಈ ಎರಡನ್ನು ಕೂಡಿಸಿ ಅಲ್ಲಿಡು' ಎಂಬ ಭಾವವನ್ನು ಅದರಲ್ಲಿ ಒಂದೇ ಸಾಲಿನಲ್ಲಿ ಬರೆಯಬಹುದು. ಆ ಸಾಲನ್ನು ಯಂತ್ರದ ಹಲವು ಹೆಜ್ಜೆಗಳಾಗಿ ಭಾಷಾಂತರಿಸುವ ಕೆಲಸವನ್ನು 'ಕಂಪೈಲರ್' ಎಂಬ ಇನ್ನೊಂದು ಕ್ರಮವಿಧಿ ಮಾಡುತ್ತದೆ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ? ಎಷ್ಟೇ ಎತ್ತರದ ಭಾಷೆಯಲ್ಲಿ ಬರೆದ ಕ್ರಮವಿಧಿಯಾದರೂ ಕಡೆಗೆ ಯಂತ್ರದ ಆ ಕಿರುಹೆಜ್ಜೆಗಳಿಗೆ ಇಳಿದು ಬರಲೇಬೇಕು.

ಒಂದು ಕಾಲದಲ್ಲಿ ಎಲ್ಲವನ್ನೂ ಈ ಕಿರುಹೆಜ್ಜೆಗಳಲ್ಲೇ ಬರೆಯಬೇಕಾಗಿತ್ತು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ 1949ರಲ್ಲಿ ಎಡ್‌ಸ್ಯಾಕ್ ಎಂಬ ಗಣಕಯಂತ್ರವು ಕೆಲಸವನ್ನು ಆರಂಭಿಸಿತು. ಪದೇ ಪದೇ ಬೇಕಾಗುವ ಲೆಕ್ಕಗಳನ್ನು ಪ್ರತಿ ಸಲವೂ ಹೊಸದಾಗಿ ಬರೆಯುವುದರ ಬದಲು ಒಮ್ಮೆ ಬರೆದಿಟ್ಟು, ಬೇಕಾದಾಗ ಕರೆದುಕೊಳ್ಳುವ ಪದ್ಧತಿಯನ್ನು ಅಲ್ಲಿನ ಡೇವಿಡ್ ವೀಲರ್ ಎಂಬ ವಿಜ್ಞಾನಿಯು ರೂಪಿಸಿದನು. ಹೀಗೆ ಬರೆದಿಟ್ಟ ಪುಟ್ಟ ಕ್ರಮವಿಧಿಗೆ 'ರೂಟೀನ್' ಎಂದು ಹೆಸರು. ಕರೆಯುವವನು ತಾನು ಎಲ್ಲಿಂದ ಕರೆದೆನೆಂಬುದನ್ನು ಗೊತ್ತಾದ ಒಂದು ಜಾಗದಲ್ಲಿ ತಿಳಿಸಿಹೋಗಬೇಕು. ಕರೆಸಿಕೊಂಡವನು ಕೆಲಸ ಮುಗಿಸಿ ಅದೇ ಎಡೆಗೆ ಮರಳಬೇಕು. ಇದು ವೀಲರನು ಮಾಡಿದ ಏರ್ಪಾಡು. ಕರೆಯುವವನಿಗೂ ಕರೆಸಿಕೊಳ್ಳುವವನಿಗೂ ನಡುವೆ ಒಪ್ಪಂದವಿರಬೇಕೆಂಬ ತತ್ವವು ಅಷ್ಟು ಹಿಂದೆಯೇ ಹುಟ್ಟಿತೆಂಬುದನ್ನು ಇಲ್ಲಿ ಗಮನಿಸಬೇಕು.

ಮುಂದೆ 1957ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯಲ್ಲಿ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಫೋರ್ಟ್ರಾನ್ ಎಂಬ ಮೇಲ್ಮಟ್ಟದ ಭಾಷೆಯನ್ನು ಬಳಕೆಗೆ ತಂದರು. ಯಂತ್ರವೇ ಭಾಷಾಂತರಿಸಿದ ಕ್ರಮವಿಧಿಯು ನುರಿತ ಮನುಷ್ಯನು ಕೈಯಾರ ಬರೆದುದರಷ್ಟು ಚುರುಕಾಗಿರಲಾರದೆಂದು ಅನೇಕರು ಆಗ ಸಂದೇಹಪಟ್ಟರು. ಆ ಸಂದೇಹವನ್ನು ನಿವಾರಿಸುವುದೇ ಬ್ಯಾಕಸನ ತಂಡದ ಮುಖ್ಯ ಸಾಹಸವಾಯಿತು. ಆದರೂ ಗಣಕಯಂತ್ರದ ಎಲ್ಲ ಕೆಲಸಗಳನ್ನೂ ನಡೆಸುವ ಮೂಲ ವ್ಯವಸ್ಥೆಯನ್ನು ಮಾತ್ರ ಅಸೆಂಬ್ಲಿಯಲ್ಲೇ ಬರೆಯುವುದು ವಾಡಿಕೆಯಾಗಿ ಉಳಿಯಿತು.

ಆ ವಾಡಿಕೆಯನ್ನು ಮುರಿದ ಕಥೆಯೇ ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರವಾದುದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ 1969ರಲ್ಲಿ ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಅಸೆಂಬ್ಲಿಯಲ್ಲಿ ಬರೆಯತೊಡಗಿದನು. ಅವನ ಸಹೋದ್ಯೋಗಿ ಡೆನ್ನಿಸ್ ರಿಚಿ 1972ರ ಸುಮಾರಿಗೆ ಸಿ ಭಾಷೆಗೆ ರೂಪ ಕೊಟ್ಟನು. 1973ರಲ್ಲಿ ಅವರಿಬ್ಬರೂ ಸೇರಿ ಯುನಿಕ್ಸಿನ ತಿರುಳನ್ನೇ ಸಿ ಭಾಷೆಯಲ್ಲಿ ಮತ್ತೆ ಬರೆದರು. ಆದರೆ ಎಲ್ಲವನ್ನೂ ಬರೆದರೆ? ಇಲ್ಲ. 1978ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಥಾಂಪ್ಸನ್ ಇದರ ಲೆಕ್ಕವನ್ನು ಒಪ್ಪಿಸಿದ್ದಾನೆ. ಯುನಿಕ್ಸಿನ ತಿರುಳಿನಲ್ಲಿ ಸಿ ಭಾಷೆಯ ಸಾಲುಗಳು ಸುಮಾರು 10,000. ಅಸೆಂಬ್ಲಿ ಸಾಲುಗಳು ಸುಮಾರು 1,000. ಆ ಸಾವಿರದಲ್ಲಿ 800 ಸಾಲುಗಳು ಸಿ ಭಾಷೆಯಲ್ಲಿ ಹೇಳಲು ಬಾರದ, ಯಂತ್ರಾಂಗಗಳನ್ನೇ ನೇರವಾಗಿ ಮುಟ್ಟುವ ಕೆಲಸಗಳಿಗಾಗಿ ಇದ್ದವು. ಉಳಿದ 200 ಸಾಲುಗಳನ್ನು ಸಿ ಭಾಷೆಯಲ್ಲಿ ಬರೆಯಬಹುದಾಗಿತ್ತು. ವೇಗಕ್ಕಾಗಿ ಮಾತ್ರ ಅವನ್ನು ಅಸೆಂಬ್ಲಿಯಲ್ಲಿ ಇರಿಸಲಾಗಿತ್ತು.

ಈ ಲೆಕ್ಕವನ್ನು ನಾನು ಒಂದು ನೀತಿಪಾಠದಂತೆ ಓದುತ್ತೇನೆ. ಎರಡು ಭಾಷೆಗಳನ್ನು ಬೆಸೆಯಲು ನ್ಯಾಯವಾದ ಕಾರಣಗಳು ಎರಡೇ ಎರಡು. ಮೊದಲನೆಯದು ಅನಿವಾರ್ಯತೆ: ಮೇಲಿನ ಭಾಷೆಯಲ್ಲಿ ಹೇಳಲು ಮಾತೇ ಇಲ್ಲದಿರುವುದು. ಎರಡನೆಯದು ವೇಗ: ಮಾತಿದ್ದರೂ ಅದು ಸಾಕಷ್ಟು ಚುರುಕಾಗಿಲ್ಲದಿರುವುದು. ಯುನಿಕ್ಸಿನಲ್ಲಿ ಅನಿವಾರ್ಯತೆಯ ಪಾಲು 800, ವೇಗದ ಪಾಲು 200. ಪಾಂಡಿತ್ಯ ಪ್ರದರ್ಶನಕ್ಕೆ ಮೀಸಲಾದ ಸಾಲು ಒಂದೂ ಇಲ್ಲ. ಈ ಸಂಯಮದ ಫಲವು ಬೇಗನೆ ದೊರೆಯಿತು. ಪಿಡಿಪಿ-11 ಎಂಬ ಯಂತ್ರದಲ್ಲಿ ನಡೆಯುತ್ತಿದ್ದ ಯುನಿಕ್ಸನ್ನು 1977-78ರ ವೇಳೆಗೆ ಇಂಟರ್‌ಡೇಟಾ ಎಂಬ, ರಚನೆಯಲ್ಲಿ ಬೇರೆಯೇ ಆದ ಯಂತ್ರಗಳಿಗೆ ಒಯ್ಯಲು ಸಾಧ್ಯವಾಯಿತು. ಎಲ್ಲವೂ ಅಸೆಂಬ್ಲಿಯಲ್ಲಿ ಇದ್ದಿದ್ದರೆ ಎಲ್ಲವನ್ನೂ ಹೊಸದಾಗಿ ಬರೆಯಬೇಕಾಗುತ್ತಿತ್ತು. ತಳದ ಭಾಷೆಯ ಭಾಗವನ್ನು ಚಿಕ್ಕದಾಗಿಟ್ಟು, ಬೇರೆಯಾಗಿ ಇರಿಸಿದ್ದರಿಂದಲೇ ದೊಡ್ಡ ಭಾಗವು ಊರಿಂದೂರಿಗೆ ಪಯಣ ಮಾಡಬಲ್ಲದಾಯಿತು.

ಇನ್ನು ಬೆಸುಗೆಯು ಹೇಗೆ ನಡೆಯುವುದೆಂಬುದನ್ನು ನೋಡೋಣ. ಪ್ರೊಸೆಸರಿನ ಒಳಗೆ ರಿಜಿಸ್ಟರುಗಳೆಂಬ ಕೆಲವು ಪುಟ್ಟ ಗೂಡುಗಳಿವೆ. ಎಲ್ಲ ಲೆಕ್ಕವೂ ನಡೆಯುವುದು ಈ ಗೂಡುಗಳಲ್ಲಿ. ಸಿ ಭಾಷೆಯ ಕ್ರಮವಿಧಿಯು ಅಸೆಂಬ್ಲಿಯ ರೂಟೀನನ್ನು ಕರೆಯುವಾಗ, ಲೆಕ್ಕಕ್ಕೆ ಬೇಕಾದ ಸಂಖ್ಯೆಗಳನ್ನು ಯಾವ ಗೂಡಿನಲ್ಲಿಟ್ಟು ಕಳುಹಿಸಬೇಕು? ಉತ್ತರವನ್ನು ಯಾವ ಗೂಡಿನಿಂದ ತೆಗೆದುಕೊಳ್ಳಬೇಕು? ಯಾವ ಗೂಡುಗಳನ್ನು ರೂಟೀನು ಮನಬಂದಂತೆ ಬಳಸಬಹುದು, ಯಾವುವನ್ನು ಇದ್ದುದು ಇದ್ದಂತೆಯೇ ಹಿಂದಿರುಗಿಸಬೇಕು? ಇವೆಲ್ಲಕ್ಕೂ ಉತ್ತರ ಹೇಳುವ ಲಿಖಿತ ಒಪ್ಪಂದವೊಂದಿದೆ. ಅದನ್ನು ಕರೆಯ ಒಪ್ಪಂದವೆನ್ನೋಣ.

ಉದಾಹರಣೆಗೆ, ಇಂದು ಬಹುಮಟ್ಟಿಗೆ ಬಳಕೆಯಲ್ಲಿರುವ 64 ಬಿಟ್ಟಿನ ಇಂಟೆಲ್ ಬಗೆಯ ಯಂತ್ರದಲ್ಲಿ ಲಿನಕ್ಸ್ ವ್ಯವಸ್ಥೆಯ ಒಪ್ಪಂದ ಹೀಗಿದೆ: ಮೊದಲ ಆರು ಪೂರ್ಣಾಂಕಗಳನ್ನು ಆರು ಗೊತ್ತಾದ ರಿಜಿಸ್ಟರುಗಳಲ್ಲಿ, ಗೊತ್ತಾದ ಅನುಕ್ರಮದಲ್ಲಿ ಇಡಬೇಕು, ಮೊದಲನೆಯದು ಆರ್‌ಡಿಐ, ಎರಡನೆಯದು ಆರ್‌ಎಸ್‌ಐ. ಉತ್ತರವು ಆರ್‌ಎಎಕ್ಸ್ ಎಂಬುದರಲ್ಲಿ ಬರಬೇಕು. ಆರ್‌ಬಿಎಕ್ಸ್ ಮೊದಲಾದ ಕೆಲವು ರಿಜಿಸ್ಟರುಗಳನ್ನು ರೂಟೀನು ಬಳಸಬಹುದು. ಆದರೆ ಹಿಂದಿರುಗುವ ಮುನ್ನ ಅವುಗಳಲ್ಲಿ ಮೊದಲಿದ್ದುದನ್ನೇ ಮತ್ತೆ ಇಡಬೇಕು. ಅದೇ ಯಂತ್ರದಲ್ಲಿ ವಿಂಡೋಸ್ ವ್ಯವಸ್ಥೆ ಇದ್ದರೆ ಒಪ್ಪಂದವೇ ಬೇರೆ: ಅಲ್ಲಿ ನಾಲ್ಕು ರಿಜಿಸ್ಟರುಗಳು ಮಾತ್ರ, ಮೊದಲನೆಯದು ಆರ್‌ಸಿಎಕ್ಸ್. ಯಂತ್ರವು ಒಂದೇ ಆದರೂ ಊರಿನ ರೂಢಿಯು ಬೇರೆ. ಒಂದು ಊರಿನ ರೂಢಿಯಂತೆ ಬರೆದ ರೂಟೀನು ಇನ್ನೊಂದು ಊರಿನಲ್ಲಿ ಖಾಲಿ ಗೂಡಿಗೆ ಕೈಹಾಕುತ್ತದೆ.

ಒಪ್ಪಂದವನ್ನು ಮೀರಿದರೆ ಏನಾಗುವುದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಳತೆಯ ಉಪಕರಣಗಳಿಗೆ ಕ್ರಮವಿಧಿ ಬರೆಯುವ ಕೆಲಸದಲ್ಲಿದ್ದಾಳೆ. ಒಂದು ದಸರೆಯ ರಜೆಯಲ್ಲಿ ಊರಿಗೆ ಬಂದವಳು ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ತನ್ನ ಮಡಿಲಗಣಕವನ್ನು ತೆರೆದಳು. ಮುಖದಲ್ಲಿ ಗೆಲುವಿರಲಿಲ್ಲ.

"ಏನಮ್ಮ, ಸಪ್ಪಗಿದ್ದೀಯೆ?" ಎಂದೆ.

"ಮೇಷ್ಟರೇ, ಹತ್ತು ದಿನಗಳ ಅಳತೆಗಳಿವೆ. ದಿನಕ್ಕೆ ಸಾವಿರ ಸಂಖ್ಯೆಗಳು. ದಿನಕ್ಕೊಂದು ಮೊತ್ತದಂತೆ ಹತ್ತು ಮೊತ್ತಗಳು ಬರಬೇಕು. ಬೇಗ ಆಗಲೆಂದು ಕೂಡಿಸುವ ಭಾಗವನ್ನು ಅಸೆಂಬ್ಲಿಯಲ್ಲಿ ಬರೆದೆ. ಮೊದಲ ದಿನದ ಮೊತ್ತ ಸರಿಯಾಗಿ ಬರುತ್ತದೆ. ಅಷ್ಟಕ್ಕೇ ಕೆಲಸ ನಿಂತುಹೋಗುತ್ತದೆ. ನನ್ನ ರೂಟೀನಿನಲ್ಲಿ ತಪ್ಪು ಕಾಣುತ್ತಿಲ್ಲ" ಎಂದಳು.

ನನಗೆ ಆ ವಿದ್ಯೆ ತಿಳಿಯದು. ಆದರೆ ಮಕ್ಕಳ ಪ್ರಬಂಧಗಳನ್ನು ತಿದ್ದಿದ ಅನುಭವ ನನಗಿತ್ತು. ವಾಕ್ಯ ಸರಿಯಿದ್ದು ಅರ್ಥ ಕೆಟ್ಟಿದ್ದರೆ ತಪ್ಪು ಬಹಳ ಸಲ ಎರಡು ವಾಕ್ಯಗಳ ನಡುವೆ ಇರುತ್ತದೆ. "ನಿನ್ನ ರೂಟೀನನ್ನು ಬಿಡು. ಅದರೊಳಗೆ ಹೋಗುವಾಗ ಏನಿತ್ತು, ಹೊರಗೆ ಬರುವಾಗ ಏನಿದೆ, ಅದನ್ನು ನೋಡಮ್ಮ" ಎಂದೆ.

ಅವಳು ಒಂದು ಕಾಗದದ ಮೇಲೆ ರಿಜಿಸ್ಟರುಗಳ ಹೆಸರುಗಳನ್ನು ಬರೆದು, ಒಳಹೋಗುವ ಮುನ್ನ ಇದ್ದುದನ್ನೂ ಹೊರಬಂದ ಮೇಲೆ ಇದ್ದುದನ್ನೂ ಎದುರುಬದುರಾಗಿ ಬರೆಯತೊಡಗಿದಳು. ಕಾಫಿ ತಣ್ಣಗಾಗುವಷ್ಟರಲ್ಲಿ ಗುಟ್ಟು ಹೊರಬಿತ್ತು. ಸಿ ಭಾಷೆಯ ಭಾಗವು ತಾನು ಎಷ್ಟನೆಯ ದಿನದಲ್ಲಿದ್ದೇನೆ ಎಂಬ ಎಣಿಕೆಯನ್ನು ಆರ್‌ಬಿಎಕ್ಸ್ ಎಂಬ ರಿಜಿಸ್ಟರಿನಲ್ಲಿ ನಂಬಿಕೆಯಿಂದ ಇಟ್ಟಿತ್ತು. ಅವಳ ರೂಟೀನು ಅದೇ ರಿಜಿಸ್ಟರಿನಲ್ಲಿ ಒಂದರಿಂದ ಸಾವಿರದವರೆಗೆ ತನ್ನ ಎಣಿಕೆಯನ್ನು ಮಾಡಿ, ಸಾವಿರವನ್ನು ಅಲ್ಲಿಯೇ ಬಿಟ್ಟು ಬಂದಿತ್ತು. ಹಿಂದಿರುಗಿ ನೋಡಿದ ಸಿ ಕ್ರಮವಿಧಿಯು 'ಹತ್ತು ದಿನಗಳು ಎಂದೋ ಮುಗಿದವು' ಎಂದು ತಿಳಿದು ಕೆಲಸ ನಿಲ್ಲಿಸಿತು. ಪರಿಹಾರವು ಎರಡೇ ಸಾಲಿನದು: ಬರುವಾಗ ಆ ರಿಜಿಸ್ಟರಿನಲ್ಲಿದ್ದುದನ್ನು ಎತ್ತಿಡುವ ಒಂದು ಸಾಲು, ಹೋಗುವಾಗ ಮರಳಿ ಇಡುವ ಒಂದು ಸಾಲು. ಅವಳು ಅವನ್ನು ಸೇರಿಸಿದೊಡನೆ ಹತ್ತೂ ಮೊತ್ತಗಳು ಸಾಲಾಗಿ ನಿಂತವು.

ಇಲ್ಲಿ ವಿಚಾರ ಮಾಡಬೇಕಾದುದೊಂದಿದೆ. ಅವಳ ರೂಟೀನು ತನ್ನ ಪಾಲಿನ ಲೆಕ್ಕದಲ್ಲಿ ಕಿಂಚಿತ್ತೂ ತಪ್ಪಿರಲಿಲ್ಲ. ಮೊತ್ತವನ್ನು ಸರಿಯಾಗಿಯೇ ಕೂಡಿಸಿತ್ತು. ಆದರೆ ತನ್ನನ್ನು ಕರೆದವನ ಮನೆಯ ವಸ್ತುವನ್ನು ಕೆಡಿಸಿ ಬಂದಿತ್ತು. ಎರವಲು ತಂದ ಪಾತ್ರೆಯನ್ನು ತೊಳೆದು ಹಿಂದಿರುಗಿಸುವುದು ನಮ್ಮ ಹಳ್ಳಿಗಳ ನಡವಳಿಕೆ. ಆ ನಡವಳಿಕೆಯನ್ನು ಯಾವ ಯಂತ್ರವೂ ತಾನಾಗಿ ಕಲಿಯದು; ಬರೆಯುವವರು ಕಲಿಸಬೇಕು. ಸಿ ಭಾಷೆಯಲ್ಲಿ ಬರೆದಾಗ ಕಂಪೈಲರು ಈ ಕಟ್ಟಳೆಗಳನ್ನು ನಮ್ಮ ಪರವಾಗಿ ಪಾಲಿಸುತ್ತದೆ. ಅಸೆಂಬ್ಲಿಗೆ ಇಳಿದೊಡನೆ ಆ ಕಾವಲು ಇಲ್ಲವಾಗುತ್ತದೆ. ಅಲ್ಲಿ ಸ್ವಾತಂತ್ರ್ಯವೂ ಹೆಚ್ಚು, ಹೊಣೆಯೂ ಹೆಚ್ಚು.

ಕಥೆ ಅಲ್ಲಿಗೇ ಮುಗಿಯಲಿಲ್ಲ. "ಇಷ್ಟೆಲ್ಲ ಕಷ್ಟಪಟ್ಟುದರಿಂದ ಎಷ್ಟು ಸಮಯ ಉಳಿಯಿತಮ್ಮ?" ಎಂದು ಕೇಳಿದೆ. ಅವಳು ಅದೇ ಲೆಕ್ಕವನ್ನು ಸಿ ಭಾಷೆಯಲ್ಲೇ ಬರೆದು, ಚುರುಕುಗೊಳಿಸುವಂತೆ ಕಂಪೈಲರಿಗೆ ಆಜ್ಞೆಯಿತ್ತು, ಎರಡನ್ನೂ ಅಳೆದಳು. ಸಿ ಭಾಷೆಯಲ್ಲಿ ಬರೆದುದೇ ಗೆದ್ದಿತು! ಅವಳು ಸಂಖ್ಯೆಗಳನ್ನು ಒಂದೊಂದಾಗಿ ಕೂಡಿಸಿದ್ದಳು. ಕಂಪೈಲರಾದರೋ ಅಗಲವಾದ ಬೇರೆ ರಿಜಿಸ್ಟರುಗಳನ್ನು ಬಳಸಿ ನಾಲ್ಕು ನಾಲ್ಕು ಸಂಖ್ಯೆಗಳನ್ನು ಒಮ್ಮೆಗೇ ಕೂಡಿಸುತ್ತಿತ್ತು. ಅವಳು ಕ್ಷಣಕಾಲ ಸುಮ್ಮನಿದ್ದು, ಆಮೇಲೆ ನಗುತ್ತ ತನ್ನ ರೂಟೀನನ್ನು ಅಳಿಸಿಹಾಕಿದಳು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಎತ್ತಿದಂತಾಗಿತ್ತು.

ಆದುದರಿಂದ ನನ್ನ ಮೊದಲ ಬುದ್ಧಿಮಾತು ಇದು: ಅಳೆಯದೆ ಇಳಿಯಬೇಡಿ. ಡೊನಾಲ್ಡ್ ಕ್ನೂತ್ ಎಂಬ ಗಣಕವಿಜ್ಞಾನಿಯು 1971ರಲ್ಲಿ ಫೋರ್ಟ್ರಾನ್ ಕ್ರಮವಿಧಿಗಳನ್ನು ಪರೀಕ್ಷಿಸಿ, ಸಾಮಾನ್ಯವಾಗಿ ಒಂದು ಕ್ರಮವಿಧಿಯ ಶೇಕಡ 4ಕ್ಕಿಂತ ಕಡಿಮೆ ಭಾಗವು ಅದರ ಒಟ್ಟು ಸಮಯದ ಅರ್ಧಕ್ಕಿಂತ ಹೆಚ್ಚನ್ನು ತೆಗೆದುಕೊಳ್ಳುತ್ತದೆಂದು ತೋರಿಸಿದನು. ಉಳಿದ ಶೇಕಡ 96 ಭಾಗವನ್ನು ಎಷ್ಟು ತಿದ್ದಿ ತೀಡಿದರೂ ದೊರೆಯುವ ಲಾಭ ಅಲ್ಪ. ಆ ಪುಟ್ಟ ಭಾಗವು ಯಾವುದೆಂಬುದನ್ನು ಊಹೆಯಿಂದಲ್ಲ, ಅಳತೆಯಿಂದ ತಿಳಿಯಬೇಕು. ಅಳೆದ ಮೇಲೂ ಕಂಪೈಲರಿನ ಕೈಯಲ್ಲಿ ಆಗದೆಂದು ಕಂಡುಬಂದರೆ ಮಾತ್ರ ಕೈಯಾರ ಬರೆಯಲು ಕುಳಿತುಕೊಳ್ಳಬೇಕು.

ಹಾಗಾದರೆ ಕೈಬರಹದ ಕಾಲ ಮುಗಿಯಿತೇ? ಮುಗಿದಿಲ್ಲ. ನ್ಯಾಯವಾಗಿ ಮಾತನಾಡಬೇಕಾದರೆ ಎದುರುಪಕ್ಷದ ಬಲವನ್ನೂ ಒಪ್ಪಿಕೊಳ್ಳಬೇಕು. ನೀವು ದೂರವಾಣಿಯ ಪರದೆಯಲ್ಲಿ ಚಲನಚಿತ್ರ ನೋಡುವಾಗ, ಕುಗ್ಗಿಸಿ ಕಳುಹಿಸಿದ ಚಿತ್ರಗಳನ್ನು ಮತ್ತೆ ಹಿಗ್ಗಿಸುವ ಕೆಲಸವು ಕ್ಷಣಕ್ಷಣವೂ ನಡೆಯುತ್ತಿರುತ್ತದೆ. ಎವಿ1 ಎಂಬ ಬಗೆಯ ಚಿತ್ರಗಳಿಗಾಗಿ ವಿಡಿಯೊಲ್ಯಾನ್ ಬಳಗವು 2018ರಲ್ಲಿ ಹೊರತಂದ 'ಡೇವಿಡ್' ಎಂಬ ಕ್ರಮವಿಧಿಯಲ್ಲಿ ಸಿ ಭಾಷೆಯ ಸಾಲುಗಳಿಗಿಂತ ಅಸೆಂಬ್ಲಿ ಸಾಲುಗಳೇ ಇಂದು ಹೆಚ್ಚಾಗಿವೆ. ಲೆಕ್ಕವು ಅಷ್ಟೊಂದು ಸಲ ಮರುಕಳಿಸುವಲ್ಲಿ ಒಂದೊಂದು ಹೆಜ್ಜೆಯ ಉಳಿತಾಯವೂ ಬೆಟ್ಟದಷ್ಟಾಗುತ್ತದೆ. ಗುಪ್ತಲಿಪಿಯ ಕೆಲಸದಲ್ಲಿಯೂ ಅಸೆಂಬ್ಲಿಗೆ ಸ್ಥಾನವಿದೆ. ಉತ್ತರವು ಒಂದೇ ಆಗುವವರೆಗೆ ಹೆಜ್ಜೆಗಳನ್ನು ತನಗೆ ತೋರಿದಂತೆ ಬದಲಿಸುವ ಅಧಿಕಾರ ಕಂಪೈಲರಿಗಿದೆ. ಆದರೆ ಗುಟ್ಟಿನ ಸಂಖ್ಯೆಗೆ ತಕ್ಕಂತೆ ಲೆಕ್ಕದ ಸಮಯವು ಹೆಚ್ಚು ಕಡಿಮೆಯಾದರೆ, ಆ ಸಮಯವನ್ನು ಅಳೆದೇ ಕಳ್ಳನು ಗುಟ್ಟನ್ನು ಊಹಿಸಬಲ್ಲನು. ಪ್ರತಿ ಹೆಜ್ಜೆಯೂ ತಾನು ಬರೆದಂತೆಯೇ ಇರಬೇಕೆಂಬ ಕಡೆ ಮನುಷ್ಯನು ತಳದ ಭಾಷೆಗೆ ಇಳಿಯುವುದು ಯುಕ್ತವೇ ಸರಿ.

ಇಂತಹ ನುರಿತವರ ನಡೆಯಲ್ಲಿ ನಾವು ಕಲಿಯಬೇಕಾದ ಒಂದು ಗುಣವಿದೆ. 'ಡೇವಿಡ್' ಕ್ರಮವಿಧಿಯವರೂ ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ಪ್ರಸಿದ್ಧ ಕ್ರಮವಿಧಿಯವರೂ ಅಸೆಂಬ್ಲಿಯಲ್ಲಿ ರೂಟೀನನ್ನು ಬರೆದ ಮೇಲೆ ಅದರ ಸಿ ಭಾಷೆಯ ರೂಪವನ್ನು ಎಸೆಯುವುದಿಲ್ಲ, ಪಕ್ಕದಲ್ಲಿಯೇ ಉಳಿಸಿಕೊಳ್ಳುತ್ತಾರೆ. ಎರಡಕ್ಕೂ ಒಂದೇ ಲೆಕ್ಕವನ್ನು ಕೊಟ್ಟು ಉತ್ತರಗಳನ್ನು ಹೋಲಿಸಿ ನೋಡುವ ಪರೀಕ್ಷಾ ಸಾಧನವನ್ನು ಇಟ್ಟುಕೊಂಡಿದ್ದಾರೆ. ಕಾಪಾಡಬೇಕಾದ ರಿಜಿಸ್ಟರುಗಳನ್ನು ಕೆಡಿಸಿದೆಯೇ ಎಂಬುದನ್ನೂ ಆ ಸಾಧನವು ಪರೀಕ್ಷಿಸುತ್ತದೆ. ನನ್ನ ವಿದ್ಯಾರ್ಥಿನಿಯ ತಪ್ಪು ಅಲ್ಲಿ ಒಂದು ಗಳಿಗೆಯೂ ಬಾಳುತ್ತಿರಲಿಲ್ಲ. ಬಲ್ಲವರು ತಮ್ಮ ಜಾಣ್ಮೆಯನ್ನು ನಂಬಿ ಕುಳಿತುಕೊಳ್ಳದೆ ಅದಕ್ಕೊಂದು ಸಾಕ್ಷಿಯನ್ನು ನಿಲ್ಲಿಸುತ್ತಾರೆ.

ಬಲ್ಲವರೂ ಒಪ್ಪಂದವನ್ನು ಮರೆಯಬಹುದೆಂಬುದಕ್ಕೆ 2008ರ ಒಂದು ಘಟನೆಯನ್ನು ಹೇಳುತ್ತೇನೆ. ಇಂಟೆಲ್ ಬಗೆಯ ಯಂತ್ರಗಳಲ್ಲಿ ದಿಕ್ಕಿನ ಸೂಚಕವೆಂಬ ಒಂದು ಗುರುತಿದೆ. ಸ್ಮೃತಿಕೋಶದಲ್ಲಿರುವ ಸಾಲುಗಳನ್ನು ನಕಲು ಮಾಡುವ ಕೆಲವು ಆಜ್ಞೆಗಳು ಮುಂದಕ್ಕೆ ಸಾಗಬೇಕೋ ಹಿಂದಕ್ಕೆ ಸಾಗಬೇಕೋ ಎಂಬುದನ್ನು ಆ ಗುರುತು ತೀರ್ಮಾನಿಸುತ್ತದೆ. ಯಾವ ರೂಟೀನನ್ನು ಕರೆಯುವಾಗಲೂ ಗುರುತು 'ಮುಂದಕ್ಕೆ' ಎಂದೇ ಇರಬೇಕು ಎಂಬುದು ಒಪ್ಪಂದ. ಜಿಸಿಸಿ ಎಂಬ ಕಂಪೈಲರು ಅಲ್ಲಿಯವರೆಗೆ ಒಪ್ಪಂದವನ್ನು ನೆಚ್ಚಿ ಕುಳಿತುಕೊಳ್ಳದೆ, ನಕಲು ಮಾಡುವ ಮುನ್ನ ತಾನೇ ಒಮ್ಮೆ ಗುರುತನ್ನು ಮುಂದಕ್ಕೆ ತಿರುಗಿಸುತ್ತಿತ್ತು. ಆ ವರ್ಷ ಬಂದ ಅದರ 4.3ನೆಯ ಆವೃತ್ತಿಯು 'ಒಪ್ಪಂದವಿರುವಾಗ ಈ ದುಡಿಮೆಯೇಕೆ?' ಎಂಬಂತೆ ಅದನ್ನು ಬಿಟ್ಟುಬಿಟ್ಟಿತು. ಆಗ ತಿಳಿಯಿತು ನೋಡಿ: ಲಿನಕ್ಸಿನ ತಿರುಳು ನಡೆಯುತ್ತಿರುವ ಕ್ರಮವಿಧಿಯನ್ನು ನಡುವೆ ತಡೆದು ಒಂದು ತುರ್ತು ರೂಟೀನನ್ನು ಕರೆಯುವಾಗ, ಆ ಗುರುತನ್ನು ಮುಂದಕ್ಕೆ ತಿರುಗಿಸುತ್ತಲೇ ಇರಲಿಲ್ಲ! ತಡೆದ ಗಳಿಗೆಯಲ್ಲಿ ಗುರುತು ಹಿಂದಕ್ಕಿದ್ದರೆ ನಕಲು ಹಿಮ್ಮುಖವಾಗಿ ಸಾಗಿ, ಸ್ಮೃತಿಕೋಶದಲ್ಲಿ ಮುಟ್ಟಬಾರದುದನ್ನು ಕೆಡಿಸಬಹುದಾಗಿತ್ತು. ಲಿನಕ್ಸಿನವರು ಅದೇ ವರ್ಷ ತಮ್ಮ ಕಡೆಯ ಲೋಪವನ್ನು ಸರಿಪಡಿಸಿದರು. ಒಬ್ಬನು ಮಾಡುತ್ತಿದ್ದ ಹೆಚ್ಚುವರಿ ಸೇವೆಯು ಇನ್ನೊಬ್ಬನ ಲೋಪವನ್ನು ವರ್ಷಗಟ್ಟಲೆ ಮುಚ್ಚಿಟ್ಟಿತ್ತು. ಬೆಸುಗೆಯ ತಪ್ಪುಗಳ ಸ್ವಭಾವವೇ ಹೀಗೆ. ಅವು ಎರಡು ಕಡೆಯವರ ನಡುವಿನ ನೆರಳಿನಲ್ಲಿ ಅಡಗಿ ಕುಳಿತಿರುತ್ತವೆ.

ಈಗ ಎರಡು ಬಗೆಯ ಆಕ್ಷೇಪಣೆಗಳಿಗೆ ಉತ್ತರ ಹೇಳಬೇಕಾಗಿದೆ. 'ನಿಜವಾದ ಗಣಕವಿದ್ಯೆಯೆಂದರೆ ಅಸೆಂಬ್ಲಿಯೇ. ಉಳಿದುದೆಲ್ಲ ಸೋಮಾರಿಗಳ ಹಾದಿ' ಎನ್ನುವ ಅಭಿಮಾನಿಗಳು ಕೆಲವರಿದ್ದಾರೆ. ಅವರಿಗೆ ಥಾಂಪ್ಸನ್ನನ ಲೆಕ್ಕವೇ ಉತ್ತರ. ಅವನಿಗಿಂತ ಚೆನ್ನಾಗಿ ಯಂತ್ರದ ನಾಡಿಯನ್ನು ಬಲ್ಲವರು ವಿರಳ. ಅಂತಹವನು ಹನ್ನೊಂದರಲ್ಲಿ ಹತ್ತು ಪಾಲನ್ನು ಮೇಲಿನ ಭಾಷೆಗೆ ಒಪ್ಪಿಸಿದನು. ಬಲ್ಲೆನೆಂಬ ಕಾರಣಕ್ಕೆ ಎಲ್ಲೆಡೆಯೂ ಬಳಸುವುದು ಪಾಂಡಿತ್ಯವಲ್ಲ. ಎಲ್ಲಿ ಬಳಸಬಾರದೆಂಬುದನ್ನು ಅರಿಯುವುದೇ ಪಾಂಡಿತ್ಯ.

ಇನ್ನೊಂದು ಆಕ್ಷೇಪಣೆ ಇಂದು ಹೆಚ್ಚು ಕೇಳಿಬರುತ್ತಿದೆ. ಅದು ಹೆಚ್ಚು ಅಪಾಯಕಾರಿಯೂ ಹೌದು. 'ಕಂಪೈಲರು ಇಷ್ಟು ಜಾಣವಾಗಿದೆ. ಬಾಯಿಮಾತಿನಲ್ಲಿ ಹೇಳಿದುದನ್ನು ಕ್ರಮವಿಧಿಯಾಗಿ ಬರೆದುಕೊಡುವ ಕೃತಕ ಬುದ್ಧಿಮತ್ತೆಯೂ ಬಂದಿದೆ. ತಳದ ಭಾಷೆಯನ್ನು ನಾವೇಕೆ ಕಲಿಯಬೇಕು?' ಈ ಪ್ರಶ್ನೆಯನ್ನು ಕೇಳುವವರು ಒಂದನ್ನು ಮರೆಯುತ್ತಾರೆ. ಬರೆದುಕೊಡುವವರು ಎಷ್ಟು ಹೆಚ್ಚಾದರೆ, ಓದಿ ತಪ್ಪು ಹಿಡಿಯಬಲ್ಲವರು ಅಷ್ಟೇ ಹೆಚ್ಚು ಬೇಕಾಗುತ್ತಾರೆ. ಓದು ಬಾರದವನು ತನ್ನ ಹೊಲದ ಪತ್ರವನ್ನು ಇನ್ನೊಬ್ಬರ ಕೈಯಲ್ಲಿ ಬರೆಯಿಸಿ ಹೆಬ್ಬೆಟ್ಟು ಒತ್ತುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. ಬರೆದವನು ಸಜ್ಜನನಾದರೆ ಪುಣ್ಯ; ಇಲ್ಲವಾದರೆ ಹೊಲವೇ ಹೋಯಿತು. ತನ್ನ ಯಂತ್ರವು ಏನು ಮಾಡುತ್ತಿದೆಯೆಂಬುದನ್ನು ಓದಲಾರದವನು ವಿದ್ಯಾವಂತನಾದರೂ ಹೆಬ್ಬೆಟ್ಟು ಒತ್ತುವವನೇ.

ನನ್ನ ವಿದ್ಯಾರ್ಥಿನಿಯು ತನ್ನ ರೂಟೀನನ್ನು ಅಳಿಸಿದಾಗ ಅವಳ ಶ್ರಮ ವ್ಯರ್ಥವಾಯಿತೇ ಎಂದು ನಾನು ಯೋಚಿಸಿದೆ. ಅದನ್ನೇ ಅವಳನ್ನು ಕೇಳಿದೆ. "ಇಲ್ಲ ಮೇಷ್ಟರೇ, ಕಂಪೈಲರು ನನಗಿಂತ ಬೇಗ ಏಕೆ ಮಾಡಿತೆಂಬುದನ್ನು ಅದು ಬರೆದ ಅಸೆಂಬ್ಲಿಯನ್ನು ಓದಿಯೇ ಅಲ್ಲವೇ ನಾನು ತಿಳಿದದ್ದು?" ಎಂದಳು. ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ತಳದ ಭಾಷೆಯನ್ನು ಅವಳು ಕಲಿತುದು ಅದರಲ್ಲಿ ಬರೆಯುತ್ತಲೇ ಇರುವುದಕ್ಕಲ್ಲ. ತನ್ನ ಪರವಾಗಿ ಬರೆಯುವವನನ್ನು ಪರೀಕ್ಷಿಸುವುದಕ್ಕೆ. ಆಳಾಗಬಲ್ಲವನೇ ಅರಸಾಗಬಲ್ಲನು ಎಂಬ ನಾಣ್ಣುಡಿಯ ಅರ್ಥವೂ ಇದೇ ಅಲ್ಲವೇ? ಆಳಿನ ಕೆಲಸವನ್ನು ಅರಿಯದ ಅರಸನು ಆಳುಗಳ ಮಾತನ್ನೇ ನೆಚ್ಚಿಕೊಂಡಿರಬೇಕಾಗುತ್ತದೆ.

ಆದುದರಿಂದ ವಿದ್ಯಾರ್ಥಿಮಿತ್ರರೇ, ನಿಮ್ಮಲ್ಲಿ ಗಣಕವಿದ್ಯೆಯನ್ನು ಕಲಿಯಹೊರಡುವವರಿಗೆ ಈ ಹಳೆಯ ಕನ್ನಡ ಮೇಷ್ಟರ ಬಿನ್ನಹವಿಷ್ಟೇ. ಮೇಲಿನ ಭಾಷೆಯಲ್ಲಿ ತಿಳಿಯಾಗಿ ಬರೆಯಿರಿ. ತಳದ ಭಾಷೆಯನ್ನು ಓದುವಷ್ಟಾದರೂ ಕಲಿಯಿರಿ. ಎರಡನ್ನೂ ಬೆಸೆಯಬೇಕಾಗಿ ಬಂದರೆ ಅಳತೆ ಮಾಡಿ, ಕಾರಣವನ್ನು ಬರೆದಿಟ್ಟು, ಪುಟ್ಟದಾಗಿ ಬೆಸೆಯಿರಿ. ಒಪ್ಪಂದವನ್ನು ಎದುರಿಗಿಟ್ಟುಕೊಂಡು ಬೆಸೆಯಿರಿ. ಕರೆದವನ ವಸ್ತುಗಳನ್ನು ಕೆಡಿಸದೆ, ಬಂದ ದಾರಿಯಲ್ಲೇ ಹಿಂದಿರುಗಿರಿ.

ಮಳೆಗಾಲವೆಂಬ ಪದವನ್ನು ಉಚ್ಚರಿಸುವಾಗ ಅದು ಎರಡು ಭಾಷೆಗಳಿಂದ ಬಂದುದೆಂದು ಯಾರಿಗೂ ನೆನಪಾಗುವುದಿಲ್ಲ. ಕೂಡಿದ ಎಡೆಯು ಅಷ್ಟು ನಯವಾಗಿದೆ. ಆದರೆ ಅದು ತಾನಾಗಿ ನಯವಾದುದಲ್ಲ. ಅಲ್ಲಿ ಒಂದು ಅಕ್ಷರವು ನಿಯಮಕ್ಕೆ ತಲೆಬಾಗಿದೆ. ಒಳ್ಳೆಯ ಬೆಸುಗೆಯೆಲ್ಲವೂ ಹಾಗೆಯೇ. ಅದು ಕಣ್ಣಿಗೆ ಕಾಣುವುದಿಲ್ಲ. ಆದರೆ ಅದನ್ನು ಬೆಸೆದವರು ಎರಡು ಬದಿಯನ್ನೂ ಬಲ್ಲವರಾಗಿರುತ್ತಾರೆ.